ಹಾರೋದು ಮೂರು ಗಂಟೆ, ಮನೆ ಸೇರೋದು ಏಳು ಗಂಟೆ

ಸಂಪಾದಕರೇ,

ದೆಹಲಿಯಿಂದ ಬೆಂಗಳೂರಿಗೆ ವಿಮಾನದ ದಾರಿ ಸುಮಾರು 1,700 ಕಿ.ಮೀ., ಹಾರಾಟಕ್ಕೆ ಮೂರು ಗಂಟೆಯೂ ಬೇಡ. ಮೊನ್ನೆ ಮಗಳು ಹಾಗೇ ಬಂದಳು. ಆದರೆ ದೇವನಹಳ್ಳಿಯಿಂದ ನಮ್ಮ ವಿರಾಜಪೇಟೆಗೆ ಏಳು ಗಂಟೆ! ಅವಳಿಗೆಂದು ಮಾಡಿಟ್ಟ ಕಡುಬು ತಣ್ಣಗಾಗಿ ಕಲ್ಲಾಗಿತ್ತು. ಟಿಕೆಟ್‌ನಲ್ಲಿ ಈ ಏಳು ಗಂಟೆ ಯಾರೂ ಬರೆಯೋಲ್ಲ, ಅಲ್ವಾ?

2018ರಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದಾಗ ನಮಗೆಲ್ಲ ಖುಷಿಯೋ ಖುಷಿ, ಯಾಕಂದ್ರೆ ಇಲ್ಲಿಂದ ಸುಮಾರು 60 ಕಿ.ಮೀ. ಅಷ್ಟೇ. ಆದರೆ ನಡುವೆ ಮಾಕುಟ್ಟ ಘಾಟಿ ಇದೆ. ಜೋರು ಮಳೆ ಬಂದರೆ ಮರ ಬೀಳುತ್ತೆ, ಮಣ್ಣು ಕುಸಿಯುತ್ತೆ, ಎಷ್ಟು ಬೇಗ ಹೊರಟರೂ ವಿಮಾನ ಸಿಗುತ್ತೆ ಅನ್ನೋ ಧೈರ್ಯ ಇಲ್ಲ. ಕೊಡಗಿಗೇ ವಿಮಾನ ನಿಲ್ದಾಣ ಬೇಕು ಅಂತ ನಾನು ಕೇಳೋಲ್ಲ. ಈ ರಸ್ತೆಯನ್ನು ಮಳೆಗಾಲಕ್ಕೆ ಮುಂಚೆ ಸರಿ ಮಾಡಿಸಿ ಸಾಕು.

– ಕಾಫಿ ಬೆಳೆಗಾರ, ವಿರಾಜಪೇಟೆ