ಡೀಸೆಲ್, ಸೀಮೆಎಣ್ಣೆ ತಾಗಿದ ಬಟ್ಟೆಗೆ ಮುಂದಿನ ತಿಂಗಳಿಂದ ಬೇರೆ ಕ್ರಮ

ಮಾನ್ಯ ಗ್ರಾಹಕರೇ,

ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್ ತಾಗಿದ ಬಟ್ಟೆಯನ್ನು ಮುಂದಿನ ತಿಂಗಳ 1ನೇ ತಾರೀಖಿನಿಂದ ಮನೆಬಟ್ಟೆಯ ಗಂಟಿನೊಳಗೆ ಸೇರಿಸಿ ಕೊಡಬೇಡಿ. ಬೇರೆ ಚೀಲದಲ್ಲಿ ತಂದು, ಏನು ತಾಗಿದೆ ಎಂದು ಕೌಂಟರಿನಲ್ಲೇ ಹೇಳಿ. ಮುಟ್ಟಿದರೆ ಕೈಗೆ ಎಣ್ಣೆ ಹತ್ತುವಂತಿದ್ದರೆ ತೆಗೆದುಕೊಳ್ಳುವುದಿಲ್ಲ. ಬೋಟಿಗೆ ಹೋಗುವವರು, ಗ್ಯಾರೇಜಿನವರು, ಬಂಕಿನಲ್ಲಿ ದುಡಿಯುವವರು ನಮ್ಮ ಹಳೆಯ ಗಿರಾಕಿಗಳು. ಅವರ ಬಟ್ಟೆ ಬೇಡವೆಂದಲ್ಲ, ನಡುವೆ ಒಂದು ಹಂತ ಮನೆಯಲ್ಲಿ ಆಗಬೇಕು, ಅಷ್ಟೆ.

ಮುಖ್ಯ ಕಾರಣ ಡ್ರೈಯರ್. ಒಗೆದ ಮೇಲೂ ನೂಲಿನಲ್ಲಿ ಉಳಿದ ಇಂಧನ ಬಿಸಿಗಾಳಿಗೆ ಆವಿಯಾಗಿ, ಮುಚ್ಚಿದ ಡ್ರಮ್ಮಿನೊಳಗೆ ಬೆಂಕಿ ಹತ್ತಬಹುದು. ಎರಡನೆಯದು, ಒಂದು ಅಂಗಿಯ ಡೀಸೆಲ್ ಅದೇ ನೀರಿನಲ್ಲಿರುವ ಉಳಿದ ಬಟ್ಟೆಗೂ ಹರಡುತ್ತದೆ. ಪಾಲಿಯೆಸ್ಟರ್ ಎಣ್ಣೆಯನ್ನು ಎಳೆದುಕೊಳ್ಳುವ ನೂಲು, ಹಾಗಾಗಿ ಪಕ್ಕದವರ ಸೀರೆಗೂ ವಾಸನೆ. ಮಷಿನ್ ಬಾಗಿಲಿನ ರಬ್ಬರು ಕೂಡ ಇಂಧನ ಕುಡಿದು ಉಬ್ಬುತ್ತದೆ.

ಮನೆಯಲ್ಲಿ ಹೀಗೆ ಮಾಡಿ. ಬಟ್ಟೆಯನ್ನು ಹೊರಗೆ, ಗಾಳಿಯಾಡುವ ನೆರಳಿನಲ್ಲಿ ಹರಡಿ. ಗ್ಯಾಸ್ ಗೀಸರ್ ಇರುವ ಬಚ್ಚಲಿನಲ್ಲಿ ಖಂಡಿತ ಇಡಬೇಡಿ, ಬೀಡಿ, ದೀಪ ಹತ್ತಿರ ಬರಬಾರದು. ಪೆಟ್ರೋಲ್ ಆದರೆ ಒಂದು ದಿನದಲ್ಲಿ ಹೆಚ್ಚಿನ ಪಾಲು ಹಾರಿಹೋಗುತ್ತದೆ. ಡೀಸೆಲ್ ಹಾಗಲ್ಲ. ಅದರ ಬಹುಪಾಲು ಕುದಿಯುವುದೇ ಸುಮಾರು 180 ಡಿಗ್ರಿ ದಾಟಿದ ಮೇಲೆ, ವಾರವಿಡೀ ಹಗ್ಗದ ಮೇಲೆ ನೇತಾಡಿದರೂ ಅಲ್ಲೇ ಇರುತ್ತದೆ. ನಾಡದೋಣಿ ಎಂಜಿನ್ನಿನ ಸೀಮೆಎಣ್ಣೆ ಇವೆರಡರ ನಡುವಿನದು. ಆದ್ದರಿಂದ ಡೀಸೆಲ್, ಸೀಮೆಎಣ್ಣೆ ಕಲೆಯನ್ನು ಹಳೇ ಬಟ್ಟೆಯಿಂದ ಒತ್ತಿ ಹೀರಿಸಿ (ಉಜ್ಜಿದರೆ ಒಳಕ್ಕಿಳಿಯುತ್ತದೆ), ಮೇಲೆ ಮೈದಾ ಅಥವಾ ಟಾಲ್ಕಂ ಪೌಡರ್ ಉದುರಿಸಿ ಒಂದು ಗಂಟೆ ಬಿಟ್ಟು ಕೊಡವಿ. ಆ ಮೈದಾ, ಆ ಚಿಂದಿ ಹಂಡೆಯ ಒಲೆಗೆ ಹೋಗಬಾರದು. ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಹೊರಗಿಡಿ.

ಇನ್ನು ಎಲ್ಲರೂ ತಪ್ಪುವ ಜಾಗ: ಬಟ್ಟೆಯನ್ನು ಸೀದಾ ನೀರಿಗೆ ಹಾಕುವುದು. ಒದ್ದೆಯಾದ ಮೇಲೆ ಸೋಪು ಎಣ್ಣೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಒಣಗಿರುವಾಗಲೇ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು, ನೀರು ಬೆರೆಸದೆ, ಒಂದು ಅಂಗಿಗೆ ಎರಡು ದೊಡ್ಡ ಚಮಚದಂತೆ ಕಲೆಯ ಮೇಲೆ ಹಾಕಿ ಬೆರಳಿನಿಂದ ತಿಕ್ಕಿ, 20 ನಿಮಿಷ ಬಿಡಿ. ಸಮುದ್ರದ ನೀರಿನಲ್ಲಿ ನೆನೆದ ಬಟ್ಟೆಯಾದರೆ ಮೊದಲು ಸಿಹಿನೀರಿನಲ್ಲಿ ಅದ್ದಿ ಹಿಂಡಿ ಆರಿಸಿಕೊಳ್ಳಿ, ಉಪ್ಪಿದ್ದರೆ ನೊರೆ ಸರಿಯಾಗಿ ಬರುವುದಿಲ್ಲ. ಆಮೇಲೆ 10 ಲೀಟರಿನ ಬಕೆಟ್ಟಿಗೆ ಉಗುರುಬೆಚ್ಚಗಿನ ನೀರು, ಒಂದು ದೊಡ್ಡ ಚಮಚ ಸೋಪಿನ ಪುಡಿ, ಮೂರು ಚಮಚ ವಾಷಿಂಗ್ ಸೋಡಾ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಎರಡು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಮತ್ತೊಮ್ಮೆ. ಆ ನೀರು ಬಾವಿಕಟ್ಟೆಯ ಕಡೆಗೆ ಹರಿಯದಿರಲಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಡಾ ಇನ್ನೊಂದು ಚಮಚ ಹೆಚ್ಚಿರಲಿ. ರೇಷ್ಮೆ, ಉಣ್ಣೆಗೆ ಸೋಡಾ ತಾಗಿಸಬೇಡಿ, ಅವನ್ನು ನಮಗೇ ಬಿಡಿ.

ಸೋಡಾ ಒಂದೇ ಸಾಕೆಂದು ಹಲವರು ನಂಬುತ್ತಾರೆ. ಕೊಬ್ಬರಿ ಎಣ್ಣೆಯ ಜಿಡ್ಡಿಗೆ ಅದು ಸ್ವಲ್ಪ ಮಟ್ಟಿಗೆ ನಿಜ, ಡೀಸೆಲ್ ಬೇರೆ ಜಾತಿಯ ಎಣ್ಣೆ, ಸೋಡಾಕ್ಕೆ ಸಾಬೂನಾಗುವುದಿಲ್ಲ. ಎಂಜೈಮ್ ಇರುವ ದುಬಾರಿ ಪುಡಿಯೂ ಅಷ್ಟೆ. ಎಂಜೈಮು ತುಪ್ಪ, ಬೆಣ್ಣೆ ಒಡೆಯುತ್ತದೆ, ಡೀಸೆಲ್ಲನ್ನು ಮುಟ್ಟುವುದಿಲ್ಲ. ವಿನೆಗರ್, ನಿಂಬೆ ಹಾಕಿದರೆ ಎರಡು ವಾಸನೆ ಸೇರಿ ಮೂರನೆಯದು ಬರುತ್ತದೆ. ಬ್ಲೀಚ್ ಬಣ್ಣ ಕಳೆಯುತ್ತದೆ, ಇಂಧನವನ್ನಲ್ಲ. ಬ್ಲೀಚಿಗೆ ವಿನೆಗರ್ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ, ಜೋಕೆ. ಪರಿಮಳದ ಫ್ಯಾಬ್ರಿಕ್ ಕಂಡಿಷನರ್ ಎಲ್ಲಕ್ಕಿಂತ ಕೆಟ್ಟದ್ದು. ಅದು ನೂಲಿನ ಮೇಲೆ ಪದರವಾಗಿ ಕೂತು ವಾಸನೆಯನ್ನು ಒಳಗೇ ಕಟ್ಟಿಹಾಕುತ್ತದೆ.

ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಕಲೆಯಿದ್ದ ಕಡೆ, ಹೊಲಿಗೆ, ಕಾಲರ್, ಜೇಬಿನ ಮೂಲೆ ಮೂಸಿ ನೋಡಿ. ದಿನವಿಡೀ ಡೀಸೆಲ್ ಮಧ್ಯೆ ಇರುವವರ ಮೂಗಿಗೆ ಅದು ಹತ್ತುವುದಿಲ್ಲ, ಮನೆಯ ಬೇರೊಬ್ಬರು ನೋಡಲಿ. ವಾಸನೆ ಉಳಿದಿದ್ದರೆ ಇಸ್ತ್ರಿ ಬೇಡ, ಲಿಕ್ವಿಡ್ ಹಂತದಿಂದ ಮತ್ತೆ ಶುರುಮಾಡಿ. ಎರಡು ಸುತ್ತಿಗೂ ಬಿಡದ ಪಾಲಿಯೆಸ್ಟರ್ ಟೀ-ಶರ್ಟನ್ನು ಕೆಲಸಕ್ಕೇ ಮೀಸಲಿಡುವುದು ಒಳ್ಳೆಯದು. ಸ್ಪಂಜು ತುಂಬಿದ ಜಾಕೆಟ್ಟು, ಲೈಫ್ ಜಾಕೆಟ್ಟು ನಾವೂ ತೆಗೆದುಕೊಳ್ಳುವುದಿಲ್ಲ.

ಹೀಗೆ ಒಂದು ಸುತ್ತು ಮುಗಿದ ಬಟ್ಟೆಯನ್ನು ನಾವು ಬೇರೆ ಮಷಿನ್ನಿನಲ್ಲಿ ಒಗೆದು, ಡ್ರೈಯರಿಗೆ ಹಾಕದೆ ಹಗ್ಗದ ಮೇಲೆ ಒಣಗಿಸುತ್ತೇವೆ. ಅದಕ್ಕೆ ನಾಲ್ಕು ದಿನ, ಮಳೆಗಾಲದಲ್ಲಿ ಒಂದು ವಾರ ಬೇಕು. ಒಂದು ಬಟ್ಟೆಗೆ 10 ರೂಪಾಯಿ ಹೆಚ್ಚು. ತಿಂಗಳ ಲೆಕ್ಕದವರಿಗೆ ಈ ತಿಂಗಳ ಬಿಲ್ಲು ಹಳೆಯ ದರದಲ್ಲೇ ಬರುತ್ತದೆ.

ಇತಿ,
ಲಾಂಡ್ರಿ ವಿಭಾಗ