ಮೈಸೂರು-ಕೊಡಗು ಸಂಸದರಿಗೆ ಟ್ಯಾಕ್ಸಿ ಡ್ರೈವರ್ ಒಬ್ಬನ ಬಹಿರಂಗ ಪತ್ರ: ದುಡ್ಡು ಹೋದ್ರೂ 5ನೇ ತಾರೀಕು ನಿಲ್ಲಲ್ಲ ಸರ್

ಮಾನ್ಯ ಸಂಸದರೇ, ನಮಸ್ಕಾರ.

ನಾನು ಮೈಸೂರಲ್ಲಿ ಹದಿಮೂರು ವರ್ಷದಿಂದ ಟೂರಿಸ್ಟ್ ಟ್ಯಾಕ್ಸಿ ಓಡಿಸ್ತಿದೀನಿ. ಮೊದ್ಲೆಲ್ಲ ಬೇರೆಯವರ ಗಾಡಿ, 2023ರ ದೀಪಾವಳಿಗೆ ಸ್ವಂತಕ್ಕೆ ಒಂದು ಯೆಲ್ಲೋ ಬೋರ್ಡ್ ತಗೊಂಡೆ. ಸಾಲ 7,20,000, ಅರವತ್ತು ಕಂತು, ತಿಂಗಳ ಡ್ಯೂ 15,835. ಪ್ರತಿ ತಿಂಗಳು 5ನೇ ತಾರೀಕು ಅಕೌಂಟಿಂದ ತಾನಾಗೇ ಕಟ್ ಆಗುತ್ತೆ. 2025ರ ಆಗಸ್ಟ್‌ವರೆಗೆ 21 ಕಂತು ಕಟ್ಟಿದ್ದೆ, ಒಂದೇ ಒಂದು ಬೌನ್ಸ್ ಇಲ್ಲ. ಇದನ್ನ ಮೊದ್ಲೇ ಯಾಕೆ ಹೇಳ್ತಿದೀನಿ ಅಂದ್ರೆ ಸಾಲ ಮನ್ನಾ ಮಾಡ್ಸಿ ಅಂತ ಕೇಳೋಕೆ ಬರೀತಿರೋ ಕಾಗದ ಅಲ್ಲ ಇದು, ಸೈಬರ್ ಮೋಸಕ್ಕೆ ಸಿಕ್ಕವರಿಗೆ ಕಂತು ಕಟ್ಟೋಕೆ ಸ್ವಲ್ಪ ಟೈಮ್ ಕೊಡ್ಸಿ ಅಂತ ಕೇಳೋ ಕಾಗದ.

ಆಗಸ್ಟ್ 30, ಶನಿವಾರ. ಗಣೇಶನ ಹಬ್ಬ ಕಳೆದು ಮೂರು ದಿನ, ಹುಬ್ಬಳ್ಳಿ ಕಡೆಯ ಫ್ಯಾಮಿಲಿ ಕರ್ಕೊಂಡು ಮಡಿಕೇರಿಗೆ ಹೋಗಿದ್ದೆ. ರಾತ್ರಿ ಹೋಟೆಲ್‌ನವರು ಡ್ರೈವರ್‌ಗಳಿಗೆ ಕೊಡೋ ರೂಮಲ್ಲಿ ಮಲಗಿದ್ದಾಗ ವಾಟ್ಸಾಪಲ್ಲಿ ಒಂದು ಮೆಸೇಜ್ ಬಂತು, ನಿಮ್ಮ ಗಾಡಿ ಮೇಲೆ ಚಲನ್ ಇದೆ ನೋಡಿ ಅಂತ, ಕೆಳಗೆ ಆರ್‌ಟಿಒ ಹೆಸರಿನ ಒಂದು ಫೈಲು. ಕಳ್ಸಿದ್ದು ಗೊತ್ತಿಲ್ಲದ ನಂಬರ್ ಅಲ್ಲ ಸರ್, ನನ್ನ ಜೊತೆ ಏರ್‌ಪೋರ್ಟ್ ಟ್ರಿಪ್ ಹೊಡೆಯೋ ಹುಡುಗನ ನಂಬರ್. ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಸರ್ಕಾರದವರೇ ಹಳೆ ಟ್ರಾಫಿಕ್ ದಂಡ ಅರ್ಧ ಕಟ್ಟಿದ್ರೆ ಸಾಕು ಅಂತ ಬಿಟ್ಟಿದ್ರು, ನಂದು ಎರಡು ಸಿಗ್ನಲ್ ಜಂಪ್ ಬಾಕಿ ಇತ್ತು, ಅದೇ ಇರ್ಬೇಕು ಅಂತ ಒತ್ತಿದೆ. ಇನ್‌ಸ್ಟಾಲ್ ಕೇಳ್ತು ಕೊಟ್ಟೆ, ಮೆಸೇಜ್ ಓದೋಕೆ ಪರ್ಮಿಶನ್ ಕೇಳ್ತು ಅದನ್ನೂ ಕೊಟ್ಟೆ. ಆಮೇಲೆ ಏನೂ ಓಪನ್ ಆಗ್ಲಿಲ್ಲ, ನೆಟ್‌ವರ್ಕ್ ಸರಿ ಇಲ್ಲ ಅನ್ಕೊಂಡು ಮಲ್ಕೊಂಡೆ.

ಗೊತ್ತಾಗಿದ್ದು ಮಾರನೇ ದಿನ ಮಧ್ಯಾಹ್ನ, ಹುಣಸೂರು ಹತ್ರ ಒಂದು ಬಂಕಲ್ಲಿ. 1,500ಕ್ಕೆ ಪೆಟ್ರೋಲ್ ಹಾಕ್ಸಿ ಸ್ಕ್ಯಾನ್ ಮಾಡಿದೆ, ಫೇಲ್. ಮತ್ತೆ ಮಾಡಿದೆ, ಬ್ಯಾಲೆನ್ಸ್ ಸಾಲದು ಅಂತ ಬಂತು. ಚೆಕ್ ಮಾಡಿದ್ರೆ ಅಕೌಂಟಲ್ಲಿ 312 ರೂಪಾಯಿ. ಹಿಂದೆ ಎರಡು ಗಾಡಿ ಹಾರ್ನ್ ಹೊಡೀತಿವೆ, ಬಂಕ್ ಹುಡುಗ ಪೈಪ್ ಹಿಡ್ಕೊಂಡು ನನ್ನ ಮುಖಾನೇ ನೋಡ್ತಿದಾನೆ, ಹಿಂದಿನ ಸೀಟಲ್ಲಿದ್ದ ಯಜಮಾನರು ಕಿಟಕಿ ಇಳ್ಸಿ ‘ಏನಾತ್ರೀ’ ಅಂತ ಕೇಳಿದ್ರೆ ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ. ಕೊನೆಗೆ ಅವರೇ ಕೊಟ್ರು. ರಾತ್ರಿ ಎರಡು ಗಂಟೆ ಸುಮಾರಿಗೆ ಏಳು ಸಲ ಮಾಡಿ 1,86,000 ಎಳೆದಿದ್ರು. ಅದು ಮಗಳ ಕಾಲೇಜ್ ಫೀಸು, ಗಾಡಿ ಇನ್ಶೂರೆನ್ಸು, ಫಿಟ್‌ನೆಸ್ ಸರ್ಟಿಫಿಕೇಟಿಗೆ (ಎಫ್‌ಸಿ) ಅಂತ ಕೂಡಿಟ್ಟಿದ್ದು. ನಾನು ಯಾರಿಗೂ ಓಟಿಪಿ ಹೇಳಿಲ್ಲ, ಓಟಿಪಿ ಬಂದಿದ್ದೇ ನಂಗೆ ಕಾಣ್ಲಿಲ್ಲ, ಆ ಆ್ಯಪೇ ಮೆಸೇಜ್ ಓದಿ ಅವರಿಗೆ ಕಳಿಸ್ತಿತ್ತಂತೆ.

ಬಂಕ್ ಪಕ್ಕದಲ್ಲೇ ಗಾಡಿ ನಿಲ್ಸಿ ಸೈಬರ್ ಮೋಸದ ದೂರಿಗೆ ಅಂತ ಇರೋ 1930ಗೆ ಫೋನ್ ಮಾಡಿದೆ. ಆ ಕಡೆ ಮಾತಾಡಿದ ಹೆಣ್ಮಗಳು ತುಂಬಾ ಸಮಾಧಾನವಾಗಿ ಒಂದೊಂದೇ ಕೇಳಿ ಬರ್ಕೊಂಡ್ರು, ಸ್ವಲ್ಪ ಹೊತ್ತಿಗೆ ದೂರಿನ ನಂಬರ್ ಮೆಸೇಜ್ ಬಂತು. ಆ ವ್ಯವಸ್ಥೆ ಬಗ್ಗೆ ನಂಗೆ ದೂರಿಲ್ಲ, ಅದರಿಂದಾನೇ 58,000 ರೂಪಾಯಿ ಬೇರೆ ಯಾವುದೋ ರಾಜ್ಯದ ಒಂದು ಅಕೌಂಟಲ್ಲಿ ಹೋಲ್ಡ್ ಆಯ್ತು. ನನ್ನ ಕಷ್ಟ ಶುರುವಾಗಿದ್ದು ಅದಾದ್ಮೇಲೆ.

ಸೋಮವಾರ ಬ್ಯಾಂಕಿಗೆ ಹೋದೆ. ಸೇಫ್ಟಿಗೆ ನಿಮ್ಮ ಅಕೌಂಟ್ ಫ್ರೀಜ್ ಮಾಡಿದೀವಿ ಅಂದ್ರು, ಒಳ್ಳೇದೇ ಆಯ್ತು ಅನ್ಕೊಂಡೆ. 4ನೇ ತಾರೀಕು ಭಾಮೈದನ ಹತ್ರ 16,000 ಕೈಸಾಲ ಮಾಡಿ ಅದೇ ಅಕೌಂಟಿಗೆ ಹಾಕ್ದೆ, ನಾಳೆ ಡ್ಯೂ ಇದೆಯಲ್ಲ ಅಂತ. ದುಡ್ಡು ಒಳಗೆ ಹೋಯ್ತು ಸರ್, ಆಚೆ ಬರ್ಲಿಲ್ಲ. ಫ್ರೀಜ್ ಆಗಿರೋ ಅಕೌಂಟಿಂದ ಡ್ಯೂ ಕಟ್ ಆಗಲ್ಲ ಅಂತ ಒಬ್ರೂ ಒಂದು ಮಾತು ಹೇಳಿರ್ಲಿಲ್ಲ. 5ನೇ ತಾರೀಕು ಈದ್ ಮಿಲಾದ್ ರಜೆ, ಬ್ಯಾಂಕ್ ಬಾಗಿಲು ಹಾಕಿತ್ತು, ಯಾರನ್ನ ಕೇಳೋದು? ಆದ್ರೆ ಕಂತು ಎಳೆಯೋ ನ್ಯಾಚ್ ಸಿಸ್ಟಮ್ಮಿಗೆ 2021ರ ಆಗಸ್ಟ್ 1ರಿಂದ ಭಾನುವಾರನೂ ಇಲ್ಲ ಹಬ್ಬನೂ ಇಲ್ಲ, ಅದು ಅವತ್ತೂ ಬಂದು ಬಾಗಿಲು ತಟ್ಟಿ ಬೌನ್ಸ್ ಮಾಡ್ಕೊಂಡು ಹೋಯ್ತು. ನಾಲ್ಕು ದಿನ ಬಿಟ್ಟು ಇನ್ನೊಂದು ಸಲ ಬಂತು. ಬ್ಯಾಂಕಿನವರ ಚಾರ್ಜ್ 295ರ ಹಾಗೆ ಎರಡು, ಫೈನಾನ್ಸ್‌ನವರದ್ದು 590ರ ಹಾಗೆ ಎರಡು, ಒಟ್ಟು 1,770. ಮಧ್ಯದಲ್ಲಿ ಫೈನಾನ್ಸ್ ಬ್ರಾಂಚಿಗೆ ಹೋಗಿ, ದೂರಿನ ಕಾಪಿ ತೋರ್ಸಿ, ಸರ್ ಕ್ಯಾಶ್ ಆದ್ರೂ ತಗೊಳ್ಳಿ ಇಲ್ಲಾ ಬೇರೆ ಅಕೌಂಟಿಂದ ಕಟ್ತೀನಿ, ಒಂದು ವಾರ ಟೈಮ್ ಕೊಡಿ ಅಂತ ಬೇಡ್ಕೊಂಡೆ. ಕೌಂಟರಲ್ಲಿದ್ದ ಹುಡುಗ ಕೆಟ್ಟವನಲ್ಲ, ಕಂಪ್ಯೂಟರ್ ನನ್ನ ಕಡೆ ತಿರುಗ್ಸಿ ತೋರಿಸ್ದ, ‘ಅಣ್ಣ, ಇಲ್ಲಿ ಕಾರಣ ಹಾಕೋಕೆ ಜಾಗಾನೇ ಇಲ್ಲ ನೋಡಿ, ಕಟ್ಟಿದಾರೆ, ಕಟ್ಟಿಲ್ಲ, ಎರಡೇ ಇರೋದು’ ಅಂದ.

ನಾನು ನಿಮ್ಮ ಹತ್ರ ಹೇಳ್ಬೇಕಿರೋದು ಆ ಜಾಗದ ಬಗ್ಗೆನೇ ಸರ್.

ಪ್ರವಾಹ ಬಂದ್ರೆ, ಬರ ಬಿದ್ರೆ ಅಲ್ಲಿನವರ ಸಾಲ ಹೇಗೆ ಮುಂದೂಡ್ಬೇಕು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನ ಇದೆ. 2020ರಲ್ಲಿ ಕೊರೊನಾ ಬಂದಾಗ ಮಾರ್ಚಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಮುಂದೂಡೋ ಅವಕಾಶ ಕೊಟ್ರು, ಕಾರ್ ಲೋನಿಗೂ ಅದು ಸಿಕ್ತು. ಅಂದ್ರೆ ಮನಸ್ಸು ಮಾಡಿದ್ರೆ ಆ ಕಂಪ್ಯೂಟರಲ್ಲಿ ಜಾಗ ಮಾಡ್ಬಹುದು. ಸೈಬರ್ ಕಳ್ಳರು ಒಂದು ಮನೆ ಖಾಲಿ ಮಾಡಿ ಹೋದ್ರೆ ಆ ಮನೆಯವರಿಗೆ ಅದೂ ಒಂದು ಪ್ರವಾಹನೇ ಅಲ್ವಾ. ಸರ್ಕಾರದ್ದೇ ಪೋರ್ಟಲ್ಲು, ಸರ್ಕಾರದ್ದೇ ದೂರಿನ ನಂಬರ್ರು, ಬ್ಯಾಂಕು ಅದೇ ನಂಬರ್ ನೋಡಿ ನನ್ನ ಅಕೌಂಟ್ ಫ್ರೀಜ್ ಮಾಡುತ್ತೆ, ಆದ್ರೆ ಅದೇ ನಂಬರ್ ತೋರ್ಸಿ ಒಂದು ವಾರ ಟೈಮ್ ಕೇಳಿದ್ರೆ ಅದು ಯಾವ ಲೆಕ್ಕಕ್ಕೂ ಇಲ್ಲ.

ಇರೋ ಕಾನೂನನ್ನೂ ಸ್ವಲ್ಪ ಓದ್ಕೊಂಡೆ, ಪಿಯುಸಿ ಓದ್ತಿರೋ ಮಗಳೇ ಹುಡುಕಿ ಅರ್ಥ ಮಾಡ್ಸಿದ್ದು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ಗ್ರಾಹಕಂದೂ ಬ್ಯಾಂಕಿಂದೂ ತಪ್ಪಿಲ್ಲದ ಮೋಸ ಆಗಿ, ಮೂರು ಕೆಲಸದ ದಿನದೊಳಗೆ ತಿಳ್ಸಿದ್ರೆ ಗ್ರಾಹಕನ ಮೇಲೆ ಹೊರೆ ಇಲ್ಲ, ಗ್ರಾಹಕಂದೇ ತಪ್ಪು ಅಂತ ತೋರ್ಸೋ ಜವಾಬ್ದಾರಿ ಬ್ಯಾಂಕಿಂದು. ನಂಗೆ ಬಂದ ಉತ್ತರ ಎರಡೇ ಸಾಲು, ಆ್ಯಪ್ ಹಾಕ್ಕೊಂಡಿದ್ದು ನೀವೇ, ನಿಮ್ಮ ನಿರ್ಲಕ್ಷ್ಯ. ಅದಕ್ಕೆ ಬ್ಯಾಂಕಿನ ಮೇಲಿನ ದೂರು ಕೇಳೋ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹಾಕಿದೀನಿ, ಬರ್ಲಿ ನೋಡೋಣ. ಆದ್ರೆ ಅಲ್ಲಿಗೆ ಹೋಗೋಕೆ ಮುಂಚೆ ಬ್ಯಾಂಕಿಗೆ ದೂರು ಕೊಟ್ಟು 30 ದಿನ ಉತ್ತರಕ್ಕೆ ಕಾಯ್ಬೇಕು, ನನ್ನ ಡ್ಯೂ ಇದ್ದಿದ್ದು ಐದೇ ದಿನಕ್ಕೆ. ಹೋಲ್ಡ್ ಆಗಿರೋ 58,000 ಬಿಡ್ಸೋಕೆ ಕೋರ್ಟ್ ಆರ್ಡರ್ ಬೇಕು ಅಂದ್ರು, ವಕೀಲರ ಫೀಸು, ಅರ್ಜಿ, ಬಾಂಡು, ಒಂದೊಂದು ಡೇಟಿಗೂ ಒಂದೊಂದು ದಿನದ ಟ್ರಿಪ್ ಬಿಡ್ಬೇಕು. ಗುಜರಾತಲ್ಲಿ ಲೋಕ ಅದಾಲತ್‌ನಲ್ಲಿ ಇಂಥ ದುಡ್ಡು ಒಟ್ಟಿಗೆ ವಾಪಸ್ ಕೊಡ್ಸಿದಾರೆ, ನಮ್ಮ ಜಿಲ್ಲೆಲೂ ನೀವು ಮಾತಾಡಿ ಅದನ್ನ ಮಾಡ್ಸಿ.

ವಸೂಲಿಗೆ ಬಂದವರ ಬಗ್ಗೆ ಜಾಸ್ತಿ ಬರೆಯಲ್ಲ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ ಅಂತ 2022ರಲ್ಲೇ ರೂಲ್ಸ್ ಮಾಡಿದಾರೆ, ನಂಗೆ ರಾತ್ರಿ 9ಕ್ಕೂ ಬಂದಿದೆ. ಭಾಮೈದಂಗೂ ಮಾಡಿದ್ರು, ಕೈಸಾಲ ಕೊಟ್ಟ ತಪ್ಪಿಗೆ ಅವನೂ ಬೈಸ್ಕೊಂಡ. ಒಬ್ಬ ‘ಬೌನ್ಸ್ ಆದ್ರೆ ಎರಡು ವರ್ಷ ಜೈಲು ಗೊತ್ತಾ’ ಅಂತ ಹೆದರಿಸ್ದ. ಆಮೇಲೆ ಗೊತ್ತಾಯ್ತು, ಆ ಸೆಕ್ಷನ್ ಇರೋದು ಅಕೌಂಟಲ್ಲಿ ದುಡ್ಡು ಸಾಲ್ದೇ ಬೌನ್ಸ್ ಆದವರಿಗೆ. ನನ್ನ ಅಕೌಂಟಲ್ಲಿ ದುಡ್ಡಿತ್ತು ಸರ್, ಬೀಗ ಹಾಕಿದ್ರು ಅಷ್ಟೇ.

ನನ್ನ ಗಾಡಿ ಉಳ್ಕೊಂಡಿದ್ದು ಚೀಟಿಯಿಂದ. ಲಕ್ಷ ರೂಪಾಯಿ ಚೀಟಿ, ಮಗಳ ಡಿಗ್ರಿಗೆ ಅಂತ ಕೊನೇವರೆಗೂ ಎತ್ಬಾರ್ದು ಅನ್ಕೊಂಡಿದ್ದೆ, ಸೆಪ್ಟೆಂಬರ್ 18ಕ್ಕೆ 26,000 ಕಳೆದು ಕೂಗಿ ಎತ್ತಿದೆ. ಮಾರನೇ ದಿನ ಡ್ಯೂ, ಚಾರ್ಜು ಎಲ್ಲ ಕಟ್ಟಿದೆ. ಆಮೇಲೆ 22ಕ್ಕೆ ದಸರಾ ಶುರು, ಹನ್ನೊಂದು ದಿನ ಮನೆಗೆ ಸ್ನಾನಕ್ಕೆ ಮಾತ್ರ ಬರ್ತಿದ್ದೆ. ಅರಮನೆ ಲೈಟಿಂಗ್ ನೋಡೋಕೆ ಬಂದವರನ್ನ ಇಳ್ಸಿ, ಕೆಆರ್‌ಎಸ್‌ಗೆ ಇನ್ನೊಂದು ಟ್ರಿಪ್, ರಾತ್ರಿ ಗಾಡಿಲೇ ನಿದ್ದೆ. ಅಕ್ಟೋಬರ್ ಡ್ಯೂ ಅದ್ರಲ್ಲೇ ಹೋಯ್ತು. ಒಂದು ವೇಳೆ ದಸರಾ ಮುಂಚೆ ಗಾಡಿ ಸೀಜ್ ಆಗಿದ್ರೆ? ಸಾಲ ತೀರ್ಸೋಕೆ ಗಾಡಿ ಬಿಟ್ರೆ ನಮ್ಮ ಹತ್ರ ಇನ್ನೇನಿದೆ, ಅದನ್ನೇ ತಗೊಂಡು ಹೋಗಿ ಸಾಲ ಕಟ್ಟು ಅಂದ್ರೆ ಹೆಂಗೆ ಕಟ್ಟೋದು.

ಹಾಗೆ ಆಗಿರೋದು ನಂಗಲ್ಲ, ನಮ್ಮ ಸ್ಟ್ಯಾಂಡಿನ ಅಣ್ಣಂಗೆ. ವಯಸ್ಸು 58, ನಂಗೆ ಮೊದಲ ಸಲ ಘಾಟಿ ರಸ್ತೆ ಕಲ್ಸಿದ್ದು ಅವರೇ. ಆ ಶನಿವಾರ ರಾತ್ರಿ ನಾನು ಮಲಗಿದ್ದಾಗ ನನ್ನ ಫೋನಿಂದ ಅದೇ ಫೈಲು ನನ್ನ ಕಾಂಟ್ಯಾಕ್ಟಲ್ಲಿರೋ ಎಲ್ರಿಗೂ ಹೋಗಿದೆ. ಬೆಳಗ್ಗೆ ಅವರು ನೋಡಿ, ನಾನು ಕಳ್ಸಿದ್ದು ಅಂತ ನಂಬಿ ಒತ್ತಿದಾರೆ. 92,000 ಹೋಯ್ತು. ಅವರ ಹತ್ರ ಚೀಟಿ ಇರ್ಲಿಲ್ಲ. ಸೆಪ್ಟೆಂಬರ್ ಡ್ಯೂ ತಪ್ತು, ಅಕ್ಟೋಬರ್‌ದೂ ತಪ್ತು, ನವೆಂಬರ್‌ದೂ ಕಟ್ಟೋಕಾಗ್ಲಿಲ್ಲ. ಎನ್‌ಪಿಎ (ವಸೂಲಾಗದ ಸಾಲ) ಆಗೋದು 90 ದಿನ ದಾಟಿದ್ಮೇಲೆ ಅಂತಾರೆ, ಅಣ್ಣನ ಗಾಡಿ 64ನೇ ದಿನಕ್ಕೆ ಯಾರ್ಡ್ ಸೇರಿತ್ತು. ಒಳಗೆ ಡ್ಯಾಶ್‌ಬೋರ್ಡ್ ಮೇಲಿದ್ದ ಚಾಮುಂಡಿ ತಾಯಿ ಫೋಟೋನೂ ಬಿಡ್ಸಿಕೊಳ್ಳೋಕೆ ಬಿಡ್ಲಿಲ್ಲ. ಈಗ ಹರಾಜಿನ ನೋಟಿಸ್ ಬಂದಿದೆ, ಹರಾಜಲ್ಲಿ ಬಂದಿದ್ದು ಸಾಲಕ್ಕೆ ಸಾಲ್ದೇ ಇದ್ರೆ ಉಳಿದಿದ್ದನ್ನೂ ಕಟ್ಬೇಕಂತೆ. ಅಣ್ಣ ಇವತ್ತಿನವರೆಗೂ ನನಗೆ ಒಂದು ಮಾತು ಅಂದಿಲ್ಲ. ಅವರ ಎದುರು ನಿಂತ್ಕೊಳ್ಳೋಕೆ ನಂಗೇ ಆಗ್ತಿಲ್ಲ.

ಮೂರು ತಿಂಗಳು ಸರ್. ಅಷ್ಟು ಸಿಕ್ಕಿದ್ರೆ ಅಣ್ಣ ದಸರಾಲಿ ದುಡಿದು, ಡಿಸೆಂಬರ್ ಸೀಸನ್‌ನಲ್ಲಿ ದುಡಿದು ಕಟ್ಕೊಂಡು ಹೋಗ್ತಿದ್ರು, ಬಡ್ಡಿ ಹಾಕಿದ್ರೂ ಕಟ್ತಿದ್ರು. ಅದಕ್ಕೇ ಕೇಳ್ತಿರೋದು, 1930 ದೂರಿನ ನಂಬರ್ ಇಟ್ಕೊಂಡು ಬಂದವರ ಹಿಂದಿನ ಕಂತುಗಳು ಸರಿಯಾಗಿದ್ರೆ ಮೂರು ಕಂತು ಸಾಲದ ಕೊನೆಗೆ ತಳ್ಬೇಕು, ಅದು ಬ್ಯಾಂಕೇ ಇರ್ಲಿ ಫೈನಾನ್ಸೇ ಇರ್ಲಿ. ಸುಳ್ಳು ದೂರು ಕೊಟ್ಟು ದುರುಪಯೋಗ ಮಾಡ್ಕೊಳ್ಳೋರೂ ಇರ್ತಾರೆ ಅಂದ್ರೆ ಪೊಲೀಸರು ಚೆಕ್ ಮಾಡ್ಲಿ, ಸುಳ್ಳಾದ್ರೆ ಕೇಸ್ ಹಾಕ್ಲಿ. ದೂರಿನ ಕಾರಣಕ್ಕೆ ಅಕೌಂಟ್ ಫ್ರೀಜ್ ಆಗಿ ಕಂತು ಕಟ್ ಆಗದೇ ಹೋದ್ರೆ ಅದನ್ನ ಬೌನ್ಸ್ ಅನ್ಬಾರ್ದು, ಚಾರ್ಜ್ ಹಾಕ್ಬಾರ್ದು, ಸಿಬಿಲ್‌ಗೆ ಕಳಿಸ್ಬಾರ್ದು, ಬೇರೆ ದಾರೀಲಿ ಕಟ್ತೀನಿ ಅಂದ್ರೆ ಅವತ್ತೇ ತಗೋಬೇಕು. ಸಂಸತ್ ಅಧಿವೇಶನದಲ್ಲಿ ಶೂನ್ಯ ವೇಳೆಲಿ ಎರಡು ನಿಮಿಷ ಇದನ್ನ ಎತ್ತಿ, ಹಣಕಾಸು ಸಚಿವರಿಗೆ, ರಿಸರ್ವ್ ಬ್ಯಾಂಕಿಗೆ ಒಂದೊಂದು ಪತ್ರ ಬರೀರಿ. 2025ರ ನವೆಂಬರ್ 21ರಿಂದ ಮತ್ತೆ ಅರ್ಧ ದಂಡದ ರಿಯಾಯಿತಿ ಬಿಟ್ಟಿದ್ರು, ಆವಾಗಿಂದ ನಮ್ಮ ಡ್ರೈವರ್‌ಗಳ ಗ್ರೂಪಲ್ಲಿ ಅಂಥದ್ದೇ ಫೈಲು ಮತ್ತೆ ಬರ್ತಿದೆ.

ಅಣ್ಣ ಈಗ ಆ್ಯಕ್ಟಿಂಗ್ ಡ್ರೈವರ್ ಆಗಿ ಬೇರೆಯವರ ಗಾಡಿಗೆ ಹೋಗ್ತಿದಾರೆ, ದಿನಕ್ಕೆ ಇಷ್ಟು ಅಂತ ಬಾಟಾ. ಸೋಮವಾರ ಅವರಿಗೆ ಟ್ರಿಪ್ ಇಲ್ಲ. ಅವತ್ತು ಬೆಳಗ್ಗೆ ಇಬ್ರೂ ನಿಮ್ಮ ಕಚೇರಿಗೆ ಬರ್ತೀವಿ, ದೂರಿನ ಕಾಪಿ, ಸ್ಟೇಟ್‌ಮೆಂಟು, ಹರಾಜಿನ ನೋಟಿಸು ಎಲ್ಲ ಜೆರಾಕ್ಸ್ ಮಾಡ್ಸಿಟ್ಟಿದೀನಿ. ಹರಾಜಿನ ಡೇಟ್ ಡಿಸೆಂಬರ್ 10 ಸರ್.

ಇಂತಿ ತಮ್ಮ ಕ್ಷೇತ್ರದ ಮತದಾರ,
ಟ್ಯಾಕ್ಸಿ ಚಾಲಕ, ಮೈಸೂರು