ಚೌತಿಯ ನಂತರ ಪಾಸ್‌ವರ್ಡ್ ಹಾಕಿ ಸರ್ವರ್ ಒಳಗೆ ಬರಲಾಗದು

ಆತ್ಮೀಯ ಗ್ರಾಹಕರೇ,

ಚೌತಿ ಮುಗಿದ ಮೇಲೆ ಬರುವ ಮೊದಲ ಸೋಮವಾರದಿಂದ, ನಾವು ನೋಡಿಕೊಳ್ಳುವ ಯಾವ ಸರ್ವರ್‌ಗೂ ಪಾಸ್‌ವರ್ಡ್ ಕೊಟ್ಟು ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಬರುವ ಸುರಕ್ಷಿತ ದಾರಿ) ಲಾಗಿನ್ ಮಾಡಲು ಬರುವುದಿಲ್ಲ. ಕೀ, ಅಂದರೆ ನಿಮ್ಮ ಗುರುತು ಸಾಬೀತು ಮಾಡುವ ಫೈಲ್, ಇದ್ದವರಿಗಷ್ಟೇ ಪ್ರವೇಶ. ಸರ್ವರ್ ಮೇಲೆ ಪೂರ್ತಿ ಅಧಿಕಾರವಿರುವ ರೂಟ್ ಹೆಸರಿನ ನೇರ ಲಾಗಿನ್ ಕೂಡ ಅಂದೇ ಬಂದ್. ನಿಮ್ಮ ಹೆಸರಿನಲ್ಲಿ ಒಳಬಂದು, ಬೇಕಾದಾಗ ಆ ಅಧಿಕಾರ ಕೊಡುವ ಸುಡೊ ಆಜ್ಞೆ ಬಳಸಬೇಕು. ವೆಬ್‌ಸೈಟ್, ಬಿಲ್ಲಿಂಗ್, ಇಮೇಲ್‌ಗೆ ಏನೂ ಆಗದು. ಟರ್ಮಿನಲ್ ಮುಟ್ಟದವರು ಪತ್ರವನ್ನು ಇಲ್ಲಿಗೇ ಮಡಚಿಡಬಹುದು. ಆದರೆ ಫೈಲ್‌ಜಿಲ್ಲಾದಲ್ಲಿ ಎಸ್‌ಎಫ್‌ಟಿಪಿ ಮೂಲಕ ಹೋಮ್‌ಸ್ಟೇ ಫೋಟೊ ಏರಿಸುವವರು ಮುಂದೆ ಓದಿ. ಅದೂ ಇದೇ ಬಾಗಿಲಿನಿಂದ ಹೋಗುತ್ತದೆ.

ಯಾವ ಸರ್ವರ್‌ನ ಒಂದು ರಾತ್ರಿಯ ಲಾಗ್ (ಲಾಗಿನ್ ಯತ್ನಗಳ ದಾಖಲೆ) ತೆರೆದರೂ ಪುಟಗಟ್ಟಲೆ ಒಂದೇ ಸಾಲು: ‘ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್’. ಆಮೇಲೆ ಅಡ್ಮಿನ್, ಟೆಸ್ಟ್, ಒರಾಕಲ್. ಎಲ್ಲಿಯದೋ ಯಂತ್ರಗಳು ದಣಿವಿಲ್ಲದೆ ಬಾಗಿಲು ತಟ್ಟುತ್ತಲೇ ಇರುತ್ತವೆ. ಇತ್ತ ನಮ್ಮ ಪಾಸ್‌ವರ್ಡ್‌ಗಳ ಸ್ಥಿತಿ ನಿಮಗೂ ಗೊತ್ತು: ಅಂಗಡಿಯ ಹೆಸರು, ಮುಂದೆ 123. ಒಂದು ಕಡೆ ಅದನ್ನು ಅಡಿಕೆ ತೂಕದ ಪಟ್ಟಿಯ ಹಿಂದೆ ಬರೆದು ಗೋಡೆಗೆ ಅಂಟಿಸಿದ್ದನ್ನು ನಾವೇ ನೋಡಿದ್ದೇವೆ. ಲೆಕ್ಕ ಬರೆಯುವ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದಾಗ ಪಾಸ್‌ವರ್ಡ್ ಬದಲಿಸಿದವರು ಎಷ್ಟು ಮಂದಿ? ಒಬ್ಬೊಬ್ಬರಿಗೆ ಒಂದೊಂದು ಕೀ ಇದ್ದರೆ, ಹೋದವರ ಒಂದು ಸಾಲು ಅಳಿಸಿದರೆ ಆಯಿತು. ಉಳಿದವರಿಗೆ ತಿಳಿಯುವುದೂ ಇಲ್ಲ.

ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡ್ ಕಳವಿನಿಂದ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿಸಿಕೊಂಡ ಮೇಲೆ, ಅಲ್ಲಿನ ತಾತು ಯ್ಲೋನೆನ್ ಇದನ್ನು ಬರೆದರು. ಆವರೆಗಿನ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಿಚ್ಚು ಅಕ್ಷರದಲ್ಲೇ ತಂತಿಯ ಮೇಲೆ ಹರಿಯುತ್ತಿತ್ತು. ಎಸ್‌ಎಸ್‌ಎಚ್ ದಾರಿಯಲ್ಲಿ ಹೋಗುವುದನ್ನೆಲ್ಲ ಗೂಢಲಿಪಿಯಲ್ಲಿ ಮುಚ್ಚಿಟ್ಟಿತು. ಆದರೂ ಪಾಸ್‌ವರ್ಡ್ ಕೊಟ್ಟರೆ ಅದು ಆ ತುದಿಯ ಸರ್ವರ್‌ಗೆ ಸಿಗುತ್ತದೆ. ಸರ್ವರ್ ನಕಲಿಯಾಗಿದ್ದರೆ ನಕಲಿಯ ಕೈಗೆ.

ಕೀಯ ರೀತಿ ಬೇರೆ. ಸೊಸೈಟಿಯಲ್ಲಿ ಖಾತೆ ತೆರೆಯುವಾಗ ಸಹಿಯ ಮಾದರಿ ಕೊಟ್ಟಿರುತ್ತೀರಲ್ಲ, ಪಬ್ಲಿಕ್ ಕೀ ಅಂದರೆ ಅದು. ನಮ್ಮ ಬಳಿ ಇದ್ದರೂ, ಯಾರು ನೋಡಿದರೂ ತೊಂದರೆಯಿಲ್ಲ. ಸಹಿ ಹಾಕುವ ಕೈ ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳಿಯುವ ಪ್ರೈವೇಟ್ ಕೀ. ಸೊಸೈಟಿಯ ಸಹಿಯನ್ನು ನೋಡಿ ತಿದ್ದಿ ಕಲಿಯುವವರಿದ್ದಾರೆ. ಇಲ್ಲಿ ಪ್ರತಿ ಲಾಗಿನ್‌ಗೂ ಸಹಿ ಬೀಳುವ ವಿಷಯವೇ ಹೊಸದಾದ್ದರಿಂದ ಹಳೆಯದನ್ನು ನಕಲು ಹೊಡೆದು ಪ್ರಯೋಜನವಿಲ್ಲ.

ಮಾಡಬೇಕಾದ್ದು ಇಷ್ಟು. ಎಸ್‌ಎಸ್‌ಎಚ್-ಕೀಜೆನ್ ಆಜ್ಞೆಯಿಂದ ಇಡಿ25519 ಬಗೆಯ ಕೀ ಮಾಡಿ. ಆಜ್ಞೆಗಳನ್ನು ಅಕ್ಷರ ತಪ್ಪದಂತೆ ಬೇರೆ ಹಾಳೆಯಲ್ಲಿ ಅಚ್ಚು ಹಾಕಿಸಿ ಲಗತ್ತಿಸಿದ್ದೇವೆ. ಪಾಸ್‌ಫ್ರೇಸ್ ಕೇಳಿದಾಗ ಸುಮ್ಮನೆ ಎಂಟರ್ ಒತ್ತಬೇಡಿ, ಬಸ್ಸಿನಲ್ಲಿ ಲ್ಯಾಪ್‌ಟಾಪ್ ಮರೆತರೆ ಕಾಯುವುದು ಅದೊಂದೇ. ಎರಡು ಫೈಲ್ ಹುಟ್ಟುತ್ತವೆ. ಹೆಸರಿನ ತುದಿಯಲ್ಲಿ ‘ಡಾಟ್ ಪಬ್’ ಇರುವುದನ್ನು ಮಾತ್ರ ನಮಗೆ ಇಮೇಲ್ ಮಾಡಿ. ಪರೀಕ್ಷೆಗೆಂದು ಮೊದಲು ಕೇಳಿದ ಗ್ರಾಹಕರಲ್ಲಿ ಒಬ್ಬರು ಇನ್ನೊಂದು ಫೈಲನ್ನೇ, ಅಂದರೆ ಪ್ರೈವೇಟ್ ಕೀಯನ್ನೇ, ಕಳಿಸಿದರು. ಅದನ್ನು ಎಸೆದು ಹೊಸದು ಮಾಡಿಸಬೇಕಾಯಿತು. ಮತ್ತೊಬ್ಬರು ಪರದೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದರು. ಎಸ್‌ಎಸ್‌ಎಚ್‌ಗೆ ಪುಟ್ಟಿ ತಂತ್ರಾಂಶ ಬಳಸುವವರು, ಅದರ ಜೊತೆಗಿನ ಕೀ ಮಾಡುವ ಪುಟ್ಟಿಜೆನ್ ಕಿಟಕಿಯ ಮೇಲಿನ ಚೌಕದಲ್ಲಿರುವ ಸಾಲನ್ನು ಪೂರ್ತಿ ನಕಲಿಸಿ. ‘ಸೇವ್ ಪಬ್ಲಿಕ್ ಕೀ’ ಕೊಡುವ ಫೈಲ್‌ನ ರೂಪ ಬೇರೆ.

ಕೀಯನ್ನು ಸರ್ವರ್‌ಗೆ ನೀವೇ ಹಾಕಿಕೊಳ್ಳುವುದಾದರೆ ಡಾಟ್-ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಒಳಗಿನ ಆಥರೈಸ್ಡ್-ಕೀಸ್ ಫೈಲ್‌ಗೆ 600 ಅನುಮತಿ ಕೊಡಿ; ಅಂದರೆ ನಿಮ್ಮ ಹೊರತು ಯಾರೂ ಓದಬಾರದು, ಬರೆಯಬಾರದು. ಬೇರೆಯವರೂ ಬರೆಯಬಹುದಾದಂತೆ ಸಡಿಲ ಬಿಟ್ಟರೆ ಸರ್ವರ್ ಕೀಯನ್ನು ಕಣ್ಣೆತ್ತಿಯೂ ನೋಡದು, ಕಾರಣವನ್ನೂ ನಿಮಗೆ ಹೇಳದು.

ಈ ಬದಲಾವಣೆಯಲ್ಲಿ ಸರ್ವರ್‌ನ ಗುರುತು, ಅಂದರೆ ಹೋಸ್ಟ್ ಕೀ, ಬದಲಾಗುವುದಿಲ್ಲ. ಆದ್ದರಿಂದ ‘ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್’ ಎಂಬ ದೊಡ್ಡ ಎಚ್ಚರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ. ಹೊಸ ಲ್ಯಾಪ್‌ಟಾಪಿನಿಂದ ಮೊದಲ ಬಾರಿ ಬರುವವರು ಕಣ್ಣು ಮುಚ್ಚಿ ‘ಯೆಸ್’ ಎನ್ನದೆ, ಪರದೆಯಲ್ಲಿ ಕಾಣುವ ಫಿಂಗರ್‌ಪ್ರಿಂಟ್ (ಹೋಸ್ಟ್ ಕೀಯ ಚಿಕ್ಕ ರೂಪ) ಅನ್ನು ಈ ತಿಂಗಳ ಬಿಲ್ಲಿನ ಕೆಳಗೆ ಅಚ್ಚಾದದ್ದರೊಂದಿಗೆ ತಾಳೆ ನೋಡಿ.

ಎಸ್‌ಎಸ್‌ಎಚ್ ಕಾಯುವ ಬಾಗಿಲಿನ ಸಂಖ್ಯೆಯಾದ ಪೋರ್ಟ್ 22 ಬದಲಿಸಿದರೆ ಸಾಲದೇ ಎಂದು ಕೆಲವರು ಕೇಳಿದ್ದೀರಿ. ಲಾಗ್‌ನ ಗದ್ದಲ ಕಡಿಮೆಯಾದೀತು, ಅಷ್ಟೇ. ದುರ್ಬಲ ಪಾಸ್‌ವರ್ಡ್ ಯಾವ ಪೋರ್ಟ್‌ನಲ್ಲಿದ್ದರೂ ದುರ್ಬಲವೇ.

ಒಂದು ತಪ್ಪೊಪ್ಪಿಗೆ. ಕಳೆದ ಮಳೆಗಾಲದಲ್ಲಿ ನಮ್ಮದೇ ಸರ್ವರ್‌ಗೆ ಇದನ್ನು ಮಾಡುವಾಗ ಸಂರಚನೆಯಲ್ಲಿ ಒಂದಕ್ಷರ ತಪ್ಪಿತು. ರೀಸ್ಟಾರ್ಟ್ ಕೊಟ್ಟು ಕಿಟಕಿ ಮುಚ್ಚಿದೆವು. ಎಸ್‌ಎಸ್‌ಎಚ್ ಮೇಲೇಳಲೇ ಇಲ್ಲ. ಕರೆಂಟೂ ಹೋಗಿತ್ತು; ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಬ್ರೌಸರ್ ಕನ್ಸೋಲಿನಿಂದ ಒಳಹೊಕ್ಕು ಸರಿಪಡಿಸುವಷ್ಟರಲ್ಲಿ ರಾತ್ರಿ ಎರಡಾಗಿತ್ತು. ಈಗ ಸಂರಚನೆಯನ್ನು ಮೊದಲು ಪರೀಕ್ಷೆಗೆ ಹಾಕುತ್ತೇವೆ, ಎರಡನೇ ಕಿಟಕಿಯಲ್ಲಿ ಲಾಗಿನ್ ಆಗಿ ನೋಡುವವರೆಗೆ ಮೊದಲನೆಯದನ್ನು ಮುಚ್ಚುವುದಿಲ್ಲ. ನಿಮ್ಮ ಸರ್ವರ್‌ಗೂ ಹಾಗೇ, ನಿಮ್ಮನ್ನು ಫೋನಿನಲ್ಲಿ ಇಟ್ಟುಕೊಂಡೇ ಮಾಡುತ್ತೇವೆ.

ಕೀ ಮಾಡಲು ತೊಡಕಾದರೆ ಲ್ಯಾಪ್‌ಟಾಪ್ ಹಿಡಿದು ಶಿರಸಿ ಕಚೇರಿಗೆ ಬನ್ನಿ, ಕುಳಿತು ಮಾಡಿಕೊಡುತ್ತೇವೆ. ಅಂಕೋಲಾ, ಕಾರವಾರದ ಕಡೆಯವರು ಇದಕ್ಕಾಗಿ ಘಟ್ಟ ಹತ್ತಬೇಡಿ. ಚೌತಿಗೆ ಮೊದಲಿನ ಎರಡು ಶನಿವಾರ ನಾವೇ ಕುಮಟೆಗೆ ಇಳಿಯುತ್ತೇವೆ. ಚಾರ್ಜರ್ ಮರೆಯದೆ ತನ್ನಿ.

ನಿಮ್ಮ ಸರ್ವರ್ ನೋಡಿಕೊಳ್ಳುವ ಬಳಗ,
ಶಿರಸಿ